ಅಗೆಯುವ ಮೊದಲು ಕೇಳಿ: ಗ್ರೀನ್‌ಫರ್ಡ್ ಕಾಲುವೆ ದಂಡೆಯಿಂದ ಹೆಬ್ಬಾಳದ ಚರಂಡಿಯವರೆಗೆ



ಪಶ್ಚಿಮ ಲಂಡನ್ನಿನ ಗ್ರೀನ್‌ಫರ್ಡ್ ಸುತ್ತಮುತ್ತ ಇರುವ ನಮಗೆಲ್ಲ ಕಾಲುವೆ ದಂಡೆಯ ನಡಿಗೆ ಹೊಸದೇನಲ್ಲ. ಶನಿವಾರ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಬಾತುಕೋಳಿಗಳನ್ನು ನೋಡಲು ಹೋದವರು ಎದುರಿಗೆ ಎದ್ದಿರುವ ಹೊಸ ಕಟ್ಟಡಗಳನ್ನೂ ನೋಡಿರುತ್ತೀರಿ. 1935ರಿಂದ ಇಲ್ಲಿ ನೆಲೆಯೂರಿದ್ದ ಗ್ಲಾಕ್ಸೋ ಔಷಧ ಕಂಪನಿಯ ಹಳೆಯ ಜಾಗದಲ್ಲಿ ಈಗ 'ಗ್ರೀನ್‌ಫರ್ಡ್ ಕೀ' ಎಂಬ ಬಡಾವಣೆ ತಲೆ ಎತ್ತಿದೆ. ಸುಮಾರು ಎರಡು ಸಾವಿರ ಮನೆಗಳ ಯೋಜನೆ. ಬಾಡಿಗೆ ಎಷ್ಟು, ಶಾಲೆ ಹೇಗಿದೆ, ರೈಲಿಗೆ ಎಷ್ಟು ದೂರ ಎಂಬುದು ನಾವೆಲ್ಲ ಸಹಜವಾಗಿ ಕೇಳುವ ಪ್ರಶ್ನೆಗಳು.

ಆದರೆ ಈ ದೇಶದಲ್ಲಿ ಇಂಥ ಜಾಗಕ್ಕೆ ಮೊದಲ ಗುದ್ದಲಿ ಬೀಳುವ ಮುನ್ನ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ಈ ನೆಲದ ಅಡಿಯಲ್ಲಿ ಏನಿದೆ? ಯಾರಿಗೂ ಏನೂ ಕಾಣದಿರುವಾಗಲೇ ಕೇಳುವ ಪ್ರಶ್ನೆ ಇದು. ನಮ್ಮ ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ಕೇಳುವುದು ಸಾಮಾನ್ಯವಾಗಿ ಜೆಸಿಬಿ, ಅದೂ ಅಗೆದಾದ ಮೇಲೆ! ಈ ವ್ಯತ್ಯಾಸದ ಬಗ್ಗೆಯೇ ಈ ಬಾರಿ ನಾಲ್ಕು ಮಾತು ಬರೆಯೋಣ ಎನಿಸಿತು.

ಕಾಲುವೆ ಪಕ್ಕದ ಬಣ್ಣದ ಕಾರ್ಖಾನೆ

ಮೊದಲು ನಮ್ಮ ಗ್ರೀನ್‌ಫರ್ಡ್ ವಿಷಯ. ಇದು ಫ್ಯಾಕ್ಟರಿ ಮತ್ತು ಗೋದಾಮುಗಳ ಊರು, ಇಲ್ಲಿ ಇತಿಹಾಸವೆಂಥದು ಎಂದು ನಮ್ಮಲ್ಲಿ ಹಲವರು ಅಂದುಕೊಂಡಿದ್ದೇವೆ. ನೂರೈವತ್ತು ವರ್ಷಗಳ ಹಿಂದೆ ಇದು ಜೇಡಿಮಣ್ಣಿನ ಹೊಲಗಳ ಹಳ್ಳಿ. ಲಂಡನ್ನಿನ ಕುದುರೆಗಳಿಗೆ ಬೇಕಾದ ಹುಲ್ಲು ಈ ಕಡೆಯ ಹೊಲಗಳಿಂದ ಹೋಗುತ್ತಿತ್ತು. ಗ್ರ್ಯಾಂಡ್ ಜಂಕ್ಷನ್ ಕಾಲುವೆಯ ಪ್ಯಾಡಿಂಗ್‌ಟನ್ ಕವಲು 1801ರಲ್ಲಿ ತೆರೆದುಕೊಂಡಿತು. ಈ ಹಳ್ಳಿಯ ಹಣೆಬರಹ ಬದಲಾಗಿದ್ದು ಅದರ ದಂಡೆಯ ಮೇಲೆಯೇ.

ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ 1856ರಲ್ಲಿ ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೊರಟ. ಕ್ವಿನೈನ್ ಬರಲಿಲ್ಲ, ಗಾಜಿನ ಪಾತ್ರೆಯಲ್ಲಿ ನೇರಳೆ ಬಣ್ಣ ಉಳಿಯಿತು. ಅದೇ 'ಮಾವ್'. ಕಲ್ಲಿದ್ದಲ ಡಾಂಬರಿನಿಂದ ಪಡೆದ ವಸ್ತುವಿನಿಂದ ಹುಟ್ಟಿದ ಈ ಕೃತಕ ಬಣ್ಣವನ್ನು ತಯಾರಿಸಲು ಪರ್ಕಿನ್ ಮರುವರ್ಷವೇ, ಅಂದರೆ 1857ರಲ್ಲಿ, ತಂದೆ ಮತ್ತು ಅಣ್ಣನ ಜೊತೆ ಸೇರಿ ಗ್ರೀನ್‌ಫರ್ಡ್ ಗ್ರೀನ್‌ನಲ್ಲಿ ಕಾಲುವೆ ಪಕ್ಕ ಕಾರ್ಖಾನೆ ತೆರೆದ. ಅಲ್ಲಿ ಭಾರತದಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದ ವರ್ಷವೇ ಇಲ್ಲಿ ಜಗತ್ತಿನ ಕೃತಕ ಬಣ್ಣಗಳ ಉದ್ಯಮ ಶುರುವಾಯಿತು. ಆ ದಿನ ಕಾರ್ಖಾನೆಯಲ್ಲಿ ಯಾವ ಬಣ್ಣ ತಯಾರಾಗುತ್ತಿತ್ತೋ ಕಾಲುವೆಯ ನೀರೂ ಅದೇ ಬಣ್ಣಕ್ಕೆ ತಿರುಗುತ್ತಿತ್ತೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಇದು ಇಂಗ್ಲೆಂಡಿನವರ ಕಥೆ, ನಮಗೇನು ಎನ್ನುವ ಹಾಗಿಲ್ಲ. ಮಂಜಿಷ್ಠದ ಜಾತಿಯ ಗಿಡಗಳ ಬೇರಿನಿಂದ ಬರುವ ಕೆಂಪು ಬಣ್ಣವನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕೆ ಪರ್ಕಿನ್ 1869ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಜರ್ಮನರು ಅವನಿಗಿಂತ ಒಂದೇ ಒಂದು ದಿನ ಮೊದಲು ಹಾಕಿದ್ದರು! ಆಮೇಲೆ ಕೆಲವೇ ವರ್ಷಗಳಲ್ಲಿ ಆ ಬೇರಿನ ಬೆಳೆಯನ್ನು ನಂಬಿದ್ದ ರೈತರ ಮಾರುಕಟ್ಟೆ ಕುಸಿಯಿತು. ಜರ್ಮನಿಯ ಕೃತಕ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂದಾಗ ನಮ್ಮ ದೇಶದ ನೀಲಿ ಬೆಳೆಗೂ ಅದೇ ಗತಿಯಾಯಿತು. ನಮ್ಮ ಅಜ್ಜಿಯರ ಸೀರೆಯ ಬಣ್ಣ ಬದಲಾದ ಕಥೆಯ ಮೊದಲ ಪುಟ ನಾವು ನಡೆದಾಡುವ ಈ ದಂಡೆಯ ಮೇಲೆಯೇ ಇದೆ ಎಂದರೆ ಆಶ್ಚರ್ಯವಾಗುವುದಿಲ್ಲವೇ?

ಪರ್ಕಿನ್ ಕಾರ್ಖಾನೆಯನ್ನು 1874ರಲ್ಲಿ ಮಾರಿದ. ಇಂದು ಅದರ ಗುರುತಾಗಿ ಓಲ್ಡ್‌ಫೀಲ್ಡ್ ಲೇನ್ ನಾರ್ತ್‌ನಲ್ಲಿ ಒಂದು ಫಲಕವಿದೆ, ಅಷ್ಟೇ. ಇಂಥ ಕಡೆ ನೆಲದ ಮೇಲೆ ಏನೂ ಉಳಿದಿಲ್ಲದಿದ್ದರೂ ಅಡಿಯಲ್ಲಿ ಇಟ್ಟಿಗೆಯ ಬುನಾದಿ, ಕೊಳವೆ, ತೊಟ್ಟಿ, ಬಣ್ಣದ ಕಸ ಉಳಿದಿರಬಹುದು. ಆದ್ದರಿಂದಲೇ 'ಇದು ಬರೀ ಫ್ಯಾಕ್ಟರಿ ಜಾಗ' ಎಂಬ ಮಾತಿಗೆ ಇಲ್ಲಿನ ಪುರಾತತ್ವ ತಜ್ಞರು ಸುಲಭವಾಗಿ ತಲೆಯಾಡಿಸುವುದಿಲ್ಲ.

ಪದ್ಧತಿ ಹೇಗೆ ನಡೆಯುತ್ತದೆ?

ನಮ್ಮಲ್ಲಿ ಮನೆಗೆ ಹಿಂಬದಿ ಕೋಣೆ ಕಟ್ಟಿಸಲು ಕೌನ್ಸಿಲ್‌ಗೆ ಅರ್ಜಿ ಹಾಕಿದವರಿಗೆ ಪ್ಲಾನಿಂಗ್ ಅನುಮತಿಯ ಕಿರಿಕಿರಿ ಗೊತ್ತು. ದೊಡ್ಡ ಜಾಗವಾದರೆ ಅಥವಾ ಪುರಾತತ್ವ ಆದ್ಯತಾ ಪ್ರದೇಶ ಎಂದು ಗುರುತಿಸಿದ ಜಾಗವಾದರೆ ಅದಕ್ಕೆ ಇನ್ನೂ ಒಂದು ಅಧ್ಯಾಯ ಸೇರುತ್ತದೆ.

ಮೊದಲನೆಯದು ಕಡತಗಳ ಅಧ್ಯಯನ. ಗುದ್ದಲಿಯೇ ಬೇಡ. ಹಳೆಯ ನಕ್ಷೆಗಳು, ತೆರಿಗೆ ದಾಖಲೆಗಳು, ಹಿಂದೆ ಸುತ್ತಮುತ್ತ ಸಿಕ್ಕ ವಸ್ತುಗಳ ವಿವರ, ಯುದ್ಧಕಾಲದ ಬಾಂಬ್ ನಕ್ಷೆ ಎಲ್ಲವನ್ನೂ ಮುಂದಿಟ್ಟುಕೊಂಡು ಈ ಜಾಗದಲ್ಲಿ ಏನಿರಬಹುದು ಎಂದು ಅಂದಾಜು ಮಾಡುತ್ತಾರೆ. ಇದಕ್ಕೆ ಆಧಾರವಾಗಿ ಗ್ರೇಟರ್ ಲಂಡನ್ ಐತಿಹಾಸಿಕ ಪರಿಸರ ದಾಖಲೆ ಎಂಬ ದೊಡ್ಡ ಕೋಶವೇ ಇದೆ. ಅದನ್ನು ನೋಡಿಕೊಳ್ಳುವುದು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ. ಈಲಿಂಗ್‌ನಂಥ ಬರೋಗಳಿಗೆ ಸಲಹೆ ಕೊಡುವ ಲಂಡನ್ ಪುರಾತತ್ವ ಸಲಹಾ ತಂಡವೂ ಅದರದೇ.

ಎರಡನೆಯದು ಪರೀಕ್ಷಾ ಗುಂಡಿ. ಅಂದಾಜಿನಲ್ಲಿ ಏನೋ ಇದೆ ಎನಿಸಿದರೆ ಜಾಗದ ಒಂದು ಸಣ್ಣ ಭಾಗದಲ್ಲಿ ಕಾಲುವೆಯ ಹಾಗೆ ಉದ್ದನೆಯ ಗುಂಡಿಗಳನ್ನು ತೋಡಿ ನೋಡುತ್ತಾರೆ. ಏನೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇದ್ದರೆ ಮೂರನೆಯ ಹೆಜ್ಜೆ. ತೀರಾ ಮಹತ್ವದ್ದಾದರೆ ಕಟ್ಟಡದ ಬುನಾದಿಯ ವಿನ್ಯಾಸವನ್ನೇ ಬದಲಿಸಿ ಅದನ್ನು ಇದ್ದಲ್ಲೇ ಉಳಿಸುತ್ತಾರೆ. ಅಷ್ಟು ಮಹತ್ವದ್ದಲ್ಲವಾದರೆ ಪೂರ್ತಿ ಅಗೆದು, ಅಳೆದು, ಚಿತ್ರ ತೆಗೆದು, ವರದಿ ಬರೆದು, ವಸ್ತುಗಳನ್ನು ಸಂಗ್ರಹಾಲಯಕ್ಕೆ ಸೇರಿಸಿ ಆಮೇಲೆ ಕಟ್ಟಡಕ್ಕೆ ದಾರಿ ಬಿಡುತ್ತಾರೆ.

ಖರ್ಚು ಯಾರದು? ಕಟ್ಟುವವರದು. ಲಾಭ ಯಾರಿಗೋ ನೆಲ ಬಗೆಯುವ ಹಕ್ಕೂ ಅವರಿಗೆ, ಹಾಗಾದರೆ ನೆಲದ ಕಥೆ ಬರೆದಿಡುವ ಹೊಣೆಯೂ ಅವರದೇ ಎಂಬುದು ಇದರ ಹಿಂದಿನ ತತ್ವ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಪುರಾತತ್ವ ಎಂದ ಕೂಡಲೇ ಕಟ್ಟಡ ನಿಂತೇ ಹೋಯಿತು ಎಂದು ನಾವು ಹೆದರುತ್ತೇವೆ. ವಾಸ್ತವದಲ್ಲಿ ಬಹುತೇಕ ಕಡೆ ಕಟ್ಟಡ ಎದ್ದೇ ಏಳುತ್ತದೆ. ಏಳುವ ಮೊದಲು ನೆಲದ ಪುಟವನ್ನು ಓದಿ ನಕಲು ತೆಗೆದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಇಂಗ್ಲೆಂಡಿಗೂ ಬುದ್ಧಿ ಬಂದದ್ದು ತಡವಾಗಿ

ಬಿಳಿಯರು ಮೊದಲಿನಿಂದಲೂ ಹೀಗೇ ಶಿಸ್ತಾಗಿದ್ದರು ಎಂದುಕೊಂಡರೆ ತಪ್ಪು. 1954ರಲ್ಲಿ ಲಂಡನ್ ನಗರದ ನಡುವೆ ಕಚೇರಿ ಕಟ್ಟಡಕ್ಕೆ ಜಾಗ ಅಗೆಯುತ್ತಿದ್ದಾಗ ರೋಮನ್ನರ ಮಿತ್ರಾಸ್ ದೇವರ ಗುಡಿ ಸಿಕ್ಕಿತು. ನೋಡಲು ಜನ ಲಕ್ಷಗಟ್ಟಲೆ ಸಾಲುಗಟ್ಟಿ ನಿಂತರು. ಪತ್ರಿಕೆಗಳಲ್ಲಿ ಗದ್ದಲವಾಯಿತು. ಕಡೆಗೆ ಗುಡಿಯ ಕಲ್ಲುಗಳನ್ನು ಕಿತ್ತು 1962ರಲ್ಲಿ ಬೇರೆ ಕಡೆ ಜೋಡಿಸಿದರು.

ಆಮೇಲೆ ಬಂದದ್ದು 1989ರ ರೋಸ್ ನಾಟಕಶಾಲೆಯ ಪ್ರಕರಣ. ಥೇಮ್ಸ್ ದಕ್ಷಿಣ ದಂಡೆಯಲ್ಲಿ 1587ರಲ್ಲಿ ಕಟ್ಟಿದ್ದ ಈ ರಂಗಮಂದಿರದ ಬುನಾದಿ ಕಚೇರಿಯೊಂದರ ಜಾಗದಲ್ಲಿ ಸಿಕ್ಕಿತು. ಅನುಮತಿ ಆಗಲೇ ಕೊಟ್ಟಾಗಿತ್ತು, ಯಂತ್ರಗಳು ಬಂದು ನಿಂತಿದ್ದವು. ನಟ ನಟಿಯರು ಅಲ್ಲಿ ಜಮಾಯಿಸಿ ಪ್ರತಿಭಟಿಸಿದರು. ಕೊನೆಗೆ ವಿನ್ಯಾಸ ಬದಲಿಸಿ ಅವಶೇಷದ ಮೇಲ್ಗಡೆ ಕಟ್ಟಡ ಎಬ್ಬಿಸಿದರು. ಎಲ್ಲರಿಗೂ ನಷ್ಟವಾಯಿತು. ನಮ್ಮ ಗಾದೆಯ ಹಾಗೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಇಂಥ ಅನುಭವಗಳ ಬೆನ್ನಿಗೇ 1990ರ ನವೆಂಬರ್‌ನಲ್ಲಿ ಸರ್ಕಾರ ಹದಿನಾರನೆಯ ಪ್ಲಾನಿಂಗ್ ಮಾರ್ಗದರ್ಶಿಯನ್ನು ಹೊರಡಿಸಿತು. ಅನುಮತಿ ಕೊಟ್ಟ ಮೇಲಲ್ಲ, ಕೊಡುವ ಮೊದಲೇ ನೆಲದ ವಿಷಯ ತಿಳಿಯಿರಿ ಎಂಬುದು ಅದರ ಸಾರ. ಮಾರ್ಗದರ್ಶಿಯ ಹೆಸರು 2010ರಲ್ಲಿ ಒಮ್ಮೆ, 2012ರಲ್ಲಿ ಮತ್ತೊಮ್ಮೆ ಬದಲಾಯಿತು, ಆದರೆ ಈ ಸಾರ ಉಳಿದುಕೊಂಡಿದೆ. ಇಂದು ಇಂಗ್ಲೆಂಡಿನ ಬಹುಪಾಲು ಉತ್ಖನನ ನಡೆಯುವುದು ಹೀಗೆ ನಿರ್ಮಾಣ ಅನುಮತಿಯ ಭಾಗವಾಗಿಯೇ.

ಇದರ ಫಲವನ್ನೂ ನೋಡಿ. ಅದೇ ಮಿತ್ರಾಸ್ ಗುಡಿಯ ಜಾಗದಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆ ತನ್ನ ಕಚೇರಿ ಕಟ್ಟುವ ಮುನ್ನ ಲಂಡನ್ ಪುರಾತತ್ವ ಸಂಸ್ಥೆ 'ಮೋಲಾ'ದವರು ಸಾವಧಾನವಾಗಿ ಅಗೆದರು. ರೋಮನ್ನರು ಮೇಣ ಹಚ್ಚಿ ಬರೆಯುತ್ತಿದ್ದ ಮರದ ಹಲಗೆಗಳು 405 ಸಿಕ್ಕವು. ಅದರಲ್ಲೊಂದು ಸಾಮಾನ್ಯ ಶಕ 57ರ ಜನವರಿ 8ರ ತಾರೀಕಿನ ಸಾಲದ ಪತ್ರ! ಬ್ರಿಟನ್ನಿನಲ್ಲಿ ತಾರೀಕು ಸಹಿತ ಸಿಕ್ಕಿರುವ ಅತಿ ಹಳೆಯ ಕೈಬರಹದ ದಾಖಲೆ ಅದು. ಗುಡಿಯನ್ನು 2017ರಲ್ಲಿ ಮತ್ತೆ ಅದೇ ಜಾಗಕ್ಕೆ, ಹೊಸ ಕಟ್ಟಡದ ನೆಲಮಾಳಿಗೆಗೆ ತಂದು ಜನರಿಗೆ ತೆರೆದಿದ್ದಾರೆ. ಮಕ್ಕಳ ರಜೆಯಲ್ಲಿ ಖಂಡಿತ ಹೋಗಿ ಬನ್ನಿ, ಪ್ರವೇಶ ಉಚಿತ.

ನಮ್ಮ ಮನೆ ಬಾಗಿಲಿನಲ್ಲೇ ಇನ್ನೊಂದು ಉದಾಹರಣೆ ಇದೆ. ಎಚ್‌ಎಸ್‌2 ರೈಲು ಮಾರ್ಗಕ್ಕಾಗಿ ವೆಸ್ಟ್ ರೈಸ್ಲಿಪ್‌ನಿಂದ ಗ್ರೀನ್‌ಫರ್ಡ್ ಕಡೆಗೆ ಸುರಂಗ ಕೊರೆದ ಯಂತ್ರಗಳಲ್ಲಿ ಒಂದರ ಹೆಸರು 'ಸುಶೀಲಾ' ಎಂಬುದು ನಿಮಗೆ ನೆನಪಿರಬಹುದು. ಅದೇ ಯೋಜನೆಯ ಪುರಾತತ್ವ ಕೆಲಸದಲ್ಲಿ ಪಕ್ಕದ ಹಿಲ್ಲಿಂಗ್‌ಡನ್‌ನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ 300ಕ್ಕೂ ಹೆಚ್ಚು ನಾಣ್ಯಗಳ ನಿಧಿ ಸಿಕ್ಕಿತು.

ಹಾಗೆಂದು ಇಲ್ಲಿ ಎಲ್ಲವೂ ಸರಿಯಾಗಿದೆ ಎಂದೇನಲ್ಲ. ಎಷ್ಟೋ ವರದಿಗಳು ಯಾರೂ ಓದದೆ ಕಡತದಲ್ಲೇ ಉಳಿಯುತ್ತವೆ. ಸಂಗ್ರಹಾಲಯಗಳ ಗೋದಾಮು ತುಂಬುತ್ತಿವೆ. ಖರ್ಚು ಕೊಡುವವನೇ ತಜ್ಞರನ್ನು ನೇಮಿಸುವುದರಿಂದ ಅಗ್ಗದ ಕೆಲಸಕ್ಕೆ ಒತ್ತಡವೂ ಇದೆ. ಮನೆಗಳ ಕೊರತೆ ಹೆಚ್ಚಿದಂತೆ 'ಈ ಅಡ್ಡಿಗಳನ್ನೆಲ್ಲ ತೆಗೆಯಿರಿ' ಎಂಬ ಕೂಗೂ ಏಳುತ್ತಿರುತ್ತದೆ. ಎಷ್ಟೋ ಕಡೆ ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಏನೂ ಸಿಗದೆಯೂ ಹೋಗುತ್ತದೆ. ಆದರೂ ಪ್ರಶ್ನೆ ಕೇಳುವ ಅಭ್ಯಾಸ ಮಾತ್ರ ನಿಂತಿಲ್ಲ.

ಈಗ ನಮ್ಮ ಬೆಂಗಳೂರಿಗೆ ಬರೋಣ

ಲಂಡನ್ನಿನ ಆ ಸಾಲದ ಪತ್ರ ಬರೆದ ಕಾಲವನ್ನು ನೆನಪಿಡಿ. ಬ್ರಿಟನ್ನನ್ನು ರೋಮ್ ಗೆಲ್ಲಲು ಹೊರಟದ್ದು ಚಕ್ರವರ್ತಿ ಕ್ಲಾಡಿಯಸ್ ಕಾಲದಲ್ಲಿ, ಸಾಮಾನ್ಯ ಶಕ 43ರಲ್ಲಿ. ಅದೇ ಕ್ಲಾಡಿಯಸ್‌ನ ಬೆಳ್ಳಿ ನಾಣ್ಯಗಳು ನಮ್ಮ ಯಶವಂತಪುರದಲ್ಲಿ ಸಿಕ್ಕಿವೆ! 1891ರಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದ 163 ನಾಣ್ಯಗಳು ಹೊರಬಂದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ ಮತ್ತೆ 256 ರೋಮನ್ ನಾಣ್ಯಗಳು ಸಿಕ್ಕವು. ಬೆಂಗಳೂರು ಎಂದರೆ ಕೆಂಪೇಗೌಡರ ಕಾಲದಿಂದ, ಆಮೇಲೆ ಐಟಿ ಕಂಪನಿಗಳಿಂದ ಎಂದು ಮಕ್ಕಳಿಗೆ ಹೇಳುವ ನಾವು ಈ ನಾಣ್ಯಗಳನ್ನು ಮರೆತೇಬಿಟ್ಟಿದ್ದೇವೆ.

ಇನ್ನು ಹೆಬ್ಬಾಳ. 2018ರಲ್ಲಿ ಅಲ್ಲಿ ಚರಂಡಿಗಾಗಿ ರಸ್ತೆ ಪಕ್ಕ ಅಗೆಯುತ್ತಿದ್ದಾಗ ಒಂದು ಕಲ್ಲು ಕಾಣಿಸಿತು. ಆಸಕ್ತರು ಕೂಡಲೇ ಓಡಿ ಬಂದು ಅದನ್ನು ಉಳಿಸಿದರು. ಓದಿ ನೋಡಿದರೆ ಗಂಗರ ಶ್ರೀಪುರುಷನ ಕಾಲದ, ಸುಮಾರು ಸಾಮಾನ್ಯ ಶಕ 750ರ ಕನ್ನಡ ವೀರಗಲ್ಲು! ಕಿತ್ತಯ್ಯ ಎಂಬ ವೀರ ಊರಿನ ರಕ್ಷಣೆಯಲ್ಲಿ ಮಡಿದ ನೆನಪಿನ ಕಲ್ಲು. ಬೆಂಗಳೂರಿನಲ್ಲಿ ಈವರೆಗೆ ಗುರುತಿಸಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಇದೂ ಒಂದು. ನಂತರ ಜನರೇ ಸೇರಿ ಅದಕ್ಕೊಂದು ಚೆಂದದ ಕಲ್ಲು ಮಂಟಪ ಕಟ್ಟಿಸಿದರು. ಸಂತೋಷದ ವಿಷಯವೇ. ಆದರೆ ಆ ದಿನ ಆ ದಾರಿಯಲ್ಲಿ ತಿಳಿದವರು ಯಾರೂ ಬರದಿದ್ದರೆ? ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಕಾದಿದ್ದ ಕಲ್ಲು ಒಂದು ಮಧ್ಯಾಹ್ನದಲ್ಲಿ ಜಲ್ಲಿಯಾಗುತ್ತಿತ್ತು. 2012ರಲ್ಲಿ ಕೋಟೆ ಪ್ರದೇಶದ ಮೆಟ್ರೊ ಕಾಮಗಾರಿಯಲ್ಲಿ ಹಳೆಯ ಫಿರಂಗಿ ಹೊರಬಂದದ್ದೂ ಹೀಗೆ, ಅಗೆದ ಮೇಲೆ.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. ಕೇಂದ್ರದ 1958ರ ಸ್ಮಾರಕ ಕಾಯ್ದೆ, 2010ರ ಅದರ ತಿದ್ದುಪಡಿ, ರಾಜ್ಯದ 1961ರ ಕಾಯ್ದೆ ಎಲ್ಲ ಇವೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಮ್ಮ ಕಾನೂನು ಇಲ್ಲಿಗಿಂತ ಬಿಗಿಯೇ ಎನ್ನಬೇಕು. ಆದರೆ ಅದು ಕಾಯುವುದು ಪಟ್ಟಿಯಲ್ಲಿರುವುದನ್ನು. ಮಣ್ಣಿನೊಳಗಿರುವುದು ಪಟ್ಟಿಗೆ ಸೇರುವುದು ಹೇಗೆ? ಸಿಕ್ಕ ಮೇಲೆ. ಸಿಗುವುದು ಯಾವಾಗ? ಅಗೆದಾಗ. ಅಗೆಯುವವರು ಯಾರು? ಪುರಾತತ್ವದ ಗಂಧವಿಲ್ಲದ ಗುತ್ತಿಗೆದಾರರು. ಇಡೀ ಸಮಸ್ಯೆ ಇರುವುದು ಈ ಸುತ್ತಿನಲ್ಲಿ.

ಪಟ್ಟಿಯಲ್ಲಿರುವುದಕ್ಕೆ ನಮ್ಮವರೂ ಎಷ್ಟು ಕಷ್ಟಪಡುತ್ತಾರೆ ನೋಡಿ. ಬೆಂಗಳೂರು ಮೈಸೂರು ಜೋಡಿ ರೈಲು ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರ ಅಡ್ಡ ಬಂದಾಗ 2017ರಲ್ಲಿ ಆ ಇಡೀ ಇಟ್ಟಿಗೆ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕಣ್ಣಿಗೆ ಕಾಣುವ ಕಟ್ಟಡಕ್ಕೆ ಸಿಕ್ಕ ಈ ಕಾಳಜಿ ಕಾಣದ ಕಲ್ಲಿಗೆ ಸಿಗುವುದಿಲ್ಲ, ಅಷ್ಟೇ.

ಮಾಹಿತಿ ಇದೆ, ಹೆಜ್ಜೆ ಇಲ್ಲ

ಬೇಸರದ ಸಂಗತಿಯೆಂದರೆ ಕಡತಗಳ ಅಧ್ಯಯನಕ್ಕೆ ಬೇಕಾದ ಕಡತ ನಮ್ಮಲ್ಲಿ ಇಂಗ್ಲೆಂಡಿಗಿಂತ ಕಡಿಮೆಯೇನಿಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾದದ್ದು 1885ರಲ್ಲೇ. ಬಿ.ಎಲ್. ರೈಸ್ ಅವರು ಊರೂರು ಅಲೆದು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದರು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ 1905ರದ್ದು. ಯಾವ ಹಳ್ಳಿಯಲ್ಲಿ, ಯಾರ ಹೊಲದಲ್ಲಿ, ಯಾವ ಗುಡಿಯ ಎದುರು ಯಾವ ಶಾಸನ ಎಂದು ತಾಲ್ಲೂಕುವಾರು ಲೆಕ್ಕ ಅಲ್ಲಿದೆ. ಆ ಹಳ್ಳಿಗಳೇ ಇಂದಿನ ಬಡಾವಣೆಗಳು. ಆ ಕಲ್ಲುಗಳಲ್ಲಿ ಹಲವು ಈಗ ಕಾಣೆಯಾಗಿವೆ. ಉಳಿದವನ್ನಾದರೂ ಕಾಪಾಡಲು 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುವ ದೊಡ್ಡ ಕೆಲಸಕ್ಕೆ ಕೈಹಾಕಿದೆ. ಆ ತಂಡಕ್ಕೆ ನಮ್ಮೆಲ್ಲರ ಅಭಿನಂದನೆ ಸಲ್ಲಬೇಕು.

ಹಾಗಾದರೆ ಕೊರತೆ ಯಾವುದು? ಒಂದೇ ಒಂದು ಹೆಜ್ಜೆ. ಹೊಸ ಬಡಾವಣೆಗೆ, ದೊಡ್ಡ ಕಟ್ಟಡಕ್ಕೆ, ರಸ್ತೆ ಮತ್ತು ಮೆಟ್ರೊಗೆ ನಕ್ಷೆ ಮಂಜೂರು ಮಾಡುವ ಮುನ್ನ ಆ ಸರ್ವೆ ನಂಬರು ಈ ಸಂಪುಟಗಳಲ್ಲಿರುವ ಊರಿನದೇ ಎಂದು ನೋಡುವುದು. ಹೌದಾದರೆ ಜೆಸಿಬಿಗೆ ಮೊದಲು ಒಬ್ಬ ತಿಳಿದವರು ಜಾಗ ನೋಡಿ ಬರುವುದು. ಇಷ್ಟಕ್ಕೆ ಕೋಟಿಗಟ್ಟಲೆ ಬೇಡ, ಹೊಸ ಇಲಾಖೆಯೂ ಬೇಡ.

ಜನರ ಭಯವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. 'ಏನಾದರೂ ಸಿಕ್ಕಿತೆಂದು ಬಾಯಿಬಿಟ್ಟರೆ ಸೈಟೇ ಹೋಗುತ್ತದೆ, ಸುಮ್ಮನೆ ಮುಚ್ಚಿಬಿಡಿ' ಎಂದು ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಜೀವಮಾನದ ಉಳಿತಾಯ ಹಾಕಿ ಸೈಟು ಕೊಂಡವರಿಗೆ ಬರೀ ಉಪದೇಶ ಮಾಡಿದರೆ ಪ್ರಯೋಜನವಿಲ್ಲ. 'ನೋಡುತ್ತೇವೆ, ದಾಖಲಿಸುತ್ತೇವೆ, ಇಷ್ಟು ದಿನದೊಳಗೆ ನಿಮ್ಮ ಜಾಗ ನಿಮಗೆ' ಎಂಬ ಲಿಖಿತ ಭರವಸೆ ಬೇಕು. ಇಲ್ಲಿನ ಪದ್ಧತಿಯಿಂದ ನಾವು ಎರವಲು ಪಡೆಯಬೇಕಾದದ್ದು ಈ ಭರವಸೆಯನ್ನೇ.

ನಾವೇನು ಮಾಡಬಹುದು?

ಇದು ಸರ್ಕಾರದ ಕೆಲಸ, ಏಳು ಸಮುದ್ರದಾಚೆಯ ನಮಗೇನು ಎನ್ನಬೇಡಿ. ನಮ್ಮಲ್ಲಿ ಎಷ್ಟು ಜನರಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಸೈಟು ಇಲ್ಲ? ಎಷ್ಟು ಜನ ಊರಿನ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿಲ್ಲ? ಇಲ್ಲಿ ಕೌನ್ಸಿಲ್ ಹೇಳಿದ್ದಕ್ಕೆಲ್ಲ ತಲೆಬಾಗುವ ನಾವು ಅಲ್ಲಿ ಮೇಸ್ತ್ರಿಗೆ ಫೋನಿನಲ್ಲೇ 'ಬೇಗ ಮುಗಿಸಿ' ಎನ್ನುತ್ತೇವೆ. ಮೊದಲು ಬದಲಾಗಬೇಕಾದದ್ದು ಆ ಫೋನಿನ ಮಾತು.

ಬುನಾದಿ ತೆಗೆಯುವ ಮುನ್ನ ಹಳ್ಳಿಯ ಹಿರಿಯರನ್ನು ಒಮ್ಮೆ ಕೇಳಿಸಿ. ಬರಹವಿರುವ ಕಲ್ಲು, ವೀರಗಲ್ಲು, ಮಡಕೆ ಕಂಡರೆ ಕೆಲಸ ಅರ್ಧ ದಿನ ನಿಲ್ಲಿಸಿ ಫೋಟೋ ಕಳಿಸು ಎಂದು ಮೇಸ್ತ್ರಿಗೆ ಮೊದಲೇ ಹೇಳಿ. ಫೋಟೋವನ್ನು ಪುರಾತತ್ವ ಇಲಾಖೆಗೆ ಮತ್ತು ಶಾಸನ ತಿಳಿದವರಿಗೆ ತಲುಪಿಸಿ. ಕಲ್ಲನ್ನು ಬಟ್ಟೆ ಒಗೆಯಲು, ಚರಂಡಿ ಮುಚ್ಚಲು ಕೊಡಬೇಡಿ. ಇಲ್ಲಿಯೂ ಅಷ್ಟೇ, ಈಲಿಂಗ್ ಕೌನ್ಸಿಲ್‌ಗೆ ಬರುವ ದೊಡ್ಡ ಯೋಜನೆಗಳ ಕಾಗದಪತ್ರಗಳು ಸಾರ್ವಜನಿಕರಿಗೆ ತೆರೆದೇ ಇರುತ್ತವೆ. ನಮ್ಮ ಬೀದಿಯ ಹೊಸ ಕಟ್ಟಡದ ಪುರಾತತ್ವ ವರದಿಯನ್ನು ಒಮ್ಮೆ ಮಕ್ಕಳ ಜೊತೆ ಓದಿ ನೋಡಿ.

ಮಕ್ಕಳು 'ನಾವು ಎಲ್ಲಿಯವರು?' ಎಂದು ಕೇಳಿದಾಗ ಗ್ರೀನ್‌ಫರ್ಡ್‌ಗೆ ಉತ್ತರ ಸಿಗುತ್ತದೆ, ಯಾಕೆಂದರೆ ಇಲ್ಲಿ ಅದನ್ನು ಬರೆದಿಡುತ್ತಾರೆ. ಹೆಬ್ಬಾಳಕ್ಕೆ ಉತ್ತರ ಸಿಕ್ಕಿದ್ದು ಅದೃಷ್ಟದಿಂದ. ನಮ್ಮ ಸೈಟಿನ ಅಡಿಯಲ್ಲಿರುವ ಉತ್ತರವನ್ನು ಅದೃಷ್ಟಕ್ಕೆ ಬಿಡುವುದು ಬೇಡ. ಏನಂತೀರಿ?

ಮುಂದಿನ ರಜೆಯಲ್ಲಿ ಊರಿಗೆ ಹೊರಟವರು ಹೆಬ್ಬಾಳದ ಮಂಟಪಕ್ಕೊಮ್ಮೆ ಹೋಗಿ ಬನ್ನಿ. ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ದಾರಿಯಲ್ಲೇ ಹೆಬ್ಬಾಳ ಸಿಗುತ್ತದೆ.

ಸಿರಿಗನ್ನಡಂ ಗೆಲ್ಗೆ.